ಕೊಟ್ರಮ್ಮನ ಹೊಟ್ಟೆಗೆ ಬಂದ ಏಳು ಮಂದಿ

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನರಗಳ ವಿಷಯ ನಾನು ಕಲಿತದ್ದು ಸಂಜೆ ಕಾಲೇಜಿನಲ್ಲಿ, ದಿನದ ಕೆಲಸ ಮುಗಿಸಿ ತೂಕಡಿಸುತ್ತ. ದೇಶದೇಶಗಳ ಆರ್ಥಿಕ ವ್ಯವಹಾರ ಅದಕ್ಕಿಂತಲೂ ಕಡಿಮೆ ಗೊತ್ತು. ಬಲ್ಲವರು ಯಾರಾದರೂ ಹೇಳಿದ್ದರೆ ನಾನು ಸುಮ್ಮನೆ ಕೇಳುತ್ತ ಕೂರುತ್ತಿದ್ದೆ. ಆದರೆ ಬಲ್ಲವರೆಲ್ಲ ಬಾಯಿ ಬಿಡುವುದಿಲ್ಲವೆಂದು ಬರೆದುಕೊಟ್ಟಿದ್ದಾರೆ. ಹಾಗಾಗಿ ಪಂಕಜಾಕ್ಷಿ ಕಂಡದ್ದನ್ನು, ನನ್ನ ಕೈಲಾದ ಮಟ್ಟಿಗೆ, ಕಂಡ ಹಾಗೆಯೇ ಹೇಳುತ್ತೇನೆ. ತಪ್ಪಿದ್ದರೆ ತಪ್ಪು ನನ್ನದು.

ಪಂಕಜಾಕ್ಷಿ ದಾವಣಗೆರೆಯ ಒಡಲುತಂತಿ ಕೇಂದ್ರದಲ್ಲಿ ತಂತ್ರಜ್ಞೆ. ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋಡೆಗೆ ಸುಣ್ಣ ಬಳಿದು ಮಾಡಿದ ಕೇಂದ್ರ ಅದು. ಹನ್ನೊಂದು ದೇಶಗಳು ಸೇರಿ ಮಾಡಿಕೊಂಡ ‘ಸಮಹೊರೆ ಒಪ್ಪಂದ’ದ ಕಚೇರಿ. ಭೂಮಿ ಬಿಸಿಯೇರುತ್ತಿದೆ, ಹೊಗೆ ನಿಲ್ಲಬೇಕು, ನಿಲ್ಲಿಸುವ ಕಷ್ಟವನ್ನು ಎಲ್ಲರೂ ಸಮನಾಗಿ ಹೊರಬೇಕು ಎಂಬುದು ಒಪ್ಪಂದದ ಮಾತು. ಅದನ್ನು ನಡೆಸುವವರು ಏಳು ಜನರ ಮಾರ್ಗದರ್ಶಿ ಮಂಡಳಿ. ಮೂವರು ಹಣಕಾಸು ಮಂತ್ರಿಗಳು, ಇಬ್ಬರು ಬ್ಯಾಂಕುಗಳ ಮುಖ್ಯಸ್ಥರು, ಇಬ್ಬರು ಬಂಡವಾಳ ನಿಧಿಗಳ ಒಡೆಯರು.

ಹೊರೆ ಸಮನಾಗಿ ಬಿದ್ದದ್ದು ಹೀಗೆ: ದಾವಣಗೆರೆಯಲ್ಲಿ ಹೊಟ್ಟು ಉರಿಸಿ ಮಂಡಕ್ಕಿ ಹುರಿಯುತ್ತಿದ್ದ ಭಟ್ಟಿಗಳನ್ನು ಒಂದೇ ವಾರದಲ್ಲಿ ಆರಿಸಿದರು. ವಿದ್ಯುತ್ ಭಟ್ಟಿ ಬರುವವರೆಗೆ ಪ್ರತಿ ಮನೆಗೂ ತಿಂಗಳ ಪಡಿ ಕೊಡುತ್ತೇವೆ ಎಂದರು. ಹದಿನಾಲ್ಕು ತಿಂಗಳಾದರೂ ವಿದ್ಯುತ್ ಭಟ್ಟಿಯ ಒಂದು ಮೊಳೆಯೂ ಬರಲಿಲ್ಲ. ಮೂರು ತಿಂಗಳ ಹಿಂದೆ ಪಡಿಯನ್ನು ಅರ್ಧಕ್ಕೆ ಇಳಿಸಿದರು. ಈಗ ಪೂರ್ತಿ ನಿಲ್ಲಿಸಬಹುದೇ ಎಂದು ನೋಡಬೇಕಾಗಿತ್ತು.

ನೋಡುವುದಕ್ಕೆ ಒಂದು ಕ್ರಮವಿತ್ತು. ಒಪ್ಪಂದ ಹುಟ್ಟುವಾಗ, ಹೊಟ್ಟೆ ತುಂಬಿದವರು ಕೂತು ಹಸಿದವರ ಅನ್ನ ತೀರ್ಮಾನಿಸುವುದು ಬೇಡ ಎಂದು ಊರೂರಲ್ಲಿ ಜನ ಬೀದಿಗಿಳಿದಿದ್ದರು. ಅವರನ್ನು ಸಮಾಧಾನ ಮಾಡಲು ಒಂಬತ್ತನೇ ನಿಯಮ ಬಂತು. ಎಲ್ಲಿಯದೇ ಪಡಿ ನಿಲ್ಲಿಸುವ ಮುನ್ನ ಆ ಊರಿನ ಒಬ್ಬರನ್ನು ಚೀಟಿ ಎತ್ತಿ ಆರಿಸಬೇಕು. ಮಂಡಳಿಯ ಏಳು ಜನವೂ ನಲವತ್ತು ನಿಮಿಷ ಆ ವ್ಯಕ್ತಿಯ ಹೊಟ್ಟೆಯನ್ನು ಅನುಭವಿಸಬೇಕು. ಆಮೇಲೆ ಮತ ಹಾಕಬೇಕು.

ಅನುಭವಿಸುವ ಉಪಾಯವೇ ಒಡಲುತಂತಿ. ಹೊಟ್ಟೆಯಿಂದ ಮಿದುಳಿಗೆ ಹೋಗುವ ಒಂದು ದೊಡ್ಡ ನರವಿದೆ. ಹಸಿವು, ತೃಪ್ತಿ, ಸಂಕಟ ಎಲ್ಲ ಅದರ ಮೂಲಕವೇ ಸುದ್ದಿಯಾಗಿ ಹೋಗುತ್ತವೆ. ಆರಿಸಲ್ಪಟ್ಟವರ ಕುತ್ತಿಗೆಗೆ ಅಂಟಿಸಿದ ಬೆರಳಗಲದ ಪಟ್ಟಿ ಆ ಸುದ್ದಿಯನ್ನು ಓದುತ್ತದೆ. ಎಲ್ಲೋ ದೂರದಲ್ಲಿ ಕೂತವರ ಕೊರಳಪಟ್ಟಿ ಅದೇ ಸುದ್ದಿಯನ್ನು ಅವರ ನರಕ್ಕೆ ದಾಟಿಸುತ್ತದೆ. ಆಗ ಅವರ ಸ್ವಂತ ಹೊಟ್ಟೆಯ ಮಾತು ಮಿದುಳಿಗೆ ಕೇಳಿಸುವುದಿಲ್ಲ. ರುಚಿ ದಾಟುವುದಿಲ್ಲ, ಯೋಚನೆ ದಾಟುವುದಿಲ್ಲ. ಹೊಟ್ಟೆಯೊಂದೇ.

ಮೊದಲ ವರ್ಷ ಒಬ್ಬ ಮಂತ್ರಿಗೆ ತಲೆ ಸುತ್ತು ಬಂದು ಒಂದು ದ್ವೀಪದ ಪಡಿ ಉಳಿಯಿತು. ಇನ್ನೊಬ್ಬರು ಐದೇ ನಿಮಿಷಕ್ಕೆ ಪಟ್ಟಿ ಬಿಚ್ಚಿಟ್ಟು ಪತ್ರಿಕೆ ಓದುತ್ತ ಕೂತರು. ಅದು ಬಯಲಾಗಿ ಗದ್ದಲವೆದ್ದ ಮೇಲೆ ನಿಯಮಕ್ಕೆ ಬಾಲ ಸೇರಿತು: ಆರಿಸಲ್ಪಟ್ಟವರು ಮುಕ್ತಾಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರೆಗೆ ಅಧಿವೇಶನ ಮುಗಿಯುವುದಿಲ್ಲ. ಅಲ್ಲಿಯವರೆಗೆ ಏಳರಲ್ಲಿ ಒಂದು ಕೊರಳಪಟ್ಟಿ ಬಿಚ್ಚಿದರೂ ಮತದಾನ ರದ್ದು. ಬಡವರು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ ಎಂಬುದರಲ್ಲಿ ನಿಯಮ ಬರೆದವರಿಗೆ ಯಾವ ಸಂಶಯವೂ ಇರಲಿಲ್ಲ.

ಈ ಸಲದ ಚೀಟಿಯಲ್ಲಿ ಬಂದ ಹೆಸರು ಕೊಟ್ರಮ್ಮನದು.

ಅಧಿವೇಶನಕ್ಕೆ ಐದು ದಿನ ಮೊದಲು ಪಂಕಜಾಕ್ಷಿ ಪಟ್ಟಿ ಅಂಟಿಸಲು ಭಟ್ಟಿಗಳ ಓಣಿಗೆ ಹೋದಳು. ಒಂದು ಕಾಲದಲ್ಲಿ ಆ ಓಣಿಯಲ್ಲಿ ಹೋದರೆ ಬಟ್ಟೆಗೆಲ್ಲ ಹುರಿದ ಅಕ್ಕಿಯ ವಾಸನೆ ಹತ್ತುತ್ತಿತ್ತು. ಈಗ ಭಟ್ಟಿಗಳ ಬಾಯಿಯಲ್ಲಿ ಬೆಕ್ಕುಗಳು ಮಲಗಿದ್ದವು. ಕೊಟ್ರಮ್ಮನಿಗೆ ಐವತ್ತೈದರ ಸುಮಾರು. ಮೂವತ್ತು ವರ್ಷ ಕಾದ ಉಸುಕಿನಲ್ಲಿ ಅಕ್ಕಿ ಆಡಿಸಿದ ಕೈ. ಮೊಣಕೈವರೆಗೆ ಕೂದಲೇ ಇಲ್ಲ. ಮಗ ಕೆಲಸ ಹುಡುಕಿಕೊಂಡು ಹುಬ್ಬಳ್ಳಿ ಕಡೆ ಹೋಗಿದ್ದ. ಮನೆಯಲ್ಲಿ ಹಾಲೂಡಿಸುವ ಸೊಸೆ ಚೌಡಮ್ಮ, ಒಂಬತ್ತು ತಿಂಗಳ ಕೂಸು.

“ಏಳು ಮಂದಿ ನನ್ನೊಬ್ಬಳ ಹೊಟ್ಟೇಲಿ ಹೆಂಗವ್ವ ಹಿಡೀತಾರೆ?” ಕೊಟ್ರಮ್ಮ ಕುತ್ತಿಗೆ ಓರೆ ಮಾಡಿ ಕೂತು ಕೇಳಿದಳು.

“ಜಾಗಕ್ಕೇನ್ ಬರ ಅತ್ತೆ? ಖಾಲಿನೇ ಐತಲ್ಲ,” ಎಂದಳು ಚೌಡಮ್ಮ ಒಳಗಿನಿಂದ.

ಪಕ್ಕದ ಮನೆಯ ಜೈಬೂಬಿ ಹೊಸಿಲ ಮೇಲೆ ಕೂತಿದ್ದಳು. ಅವಳೂ ಹಳೆಯ ಭಟ್ಟಿಯವಳೇ. “ನನ್ ಹೊಟ್ಟೇನೂ ಬಾಡಿಗೆಗೆ ಐತೆ ಅಂತ ಬರ್ಕಳ್ರಿ ಮೇಡಮ್ಮೋರೆ. ಗಾಳಿ ಬೆಳಕು ಚೆನ್ನಾಗೈತೆ. ಮುಂಗಡ ಬ್ಯಾಡ.”

ಪಂಕಜಾಕ್ಷಿಗೂ ನಗು ಬಂತು. ಪಟ್ಟಿ ಅಂಟಿಸಿ, ಒತ್ತಿ, ತಿಳಿಸಬೇಕಾದದ್ದನ್ನೆಲ್ಲ ತಿಳಿಸಿದಳು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಏಳು ಜನ ದೊಡ್ಡವರು ನಿಮ್ಮ ಹೊಟ್ಟೆಯಲ್ಲಿ ಏನಿದೆಯೋ ಅದನ್ನು ಅನುಭವಿಸುತ್ತಾರೆ. ನಿಮಗೆ ನೋವಾಗುವುದಿಲ್ಲ.

“ನಾನು ಹಸ್ಕಂಡಿದ್ರೆ ಅವರೂ ಹಸ್ಕಂತಾರಾ?”

“ಹೌದಮ್ಮ.”

“ಅಷ್ಟು ದೂರದಿಂದ ಬಂದು?”

“ಅವರು ಬರಲ್ಲ ಕೊಟ್ರಮ್ಮ, ಅಲ್ಲೇ ಇರ್ತಾರೆ. ಒಬ್ಬರು ಮಾತ್ರ ನಮ್ಮ ಕೇಂದ್ರದಲ್ಲಿ ಇರ್ತಾರೆ.”

“ಹೊಟ್ಟೆವರ್ಗೂ ಬಂದ್ರು ಅಂದ್ಮೇಲೆ ಇನ್ನೇನು ಉಳೀತವ್ವ?” ಎಂದ ಕೊಟ್ರಮ್ಮ ಬೆರಳು ಮಡಚಿ ಹೊತ್ತು ಎಣಿಸಿದಳು. “ಹನ್ನೊಂದು ಅಂದ್ರೆ ಊಟದ ಹೊತ್ತು,” ಎಂದಳು. ಹೇಳಿ ಸೊಸೆಯ ಮುಖ ನೋಡಿದಳು. ಸೊಸೆ ಜೈಬೂಬಿಯ ಮುಖ ನೋಡಿದಳು.

ಆ ನೋಟವನ್ನು ಪಂಕಜಾಕ್ಷಿ ಕಂಡಳು. ಅದರ ಅರ್ಥ ತಿಳಿಯದಷ್ಟು ಹೊರಗಿನವಳೂ ಅಲ್ಲ. ಅವಳ ತಾಯಿಯೂ ಇದೇ ಊರಿನ ಹಳೇಪೇಟೆಯವಳೇ. ಆದರೆ ಕೈಪಿಡಿಯ ಹದಿನಾಲ್ಕನೇ ಅಂಶ ಅವಳ ತಲೆಯಲ್ಲಿ ಕೂತಿತ್ತು: ಏನು ಉಣ್ಣಬೇಕೆಂದು ಹೇಳಕೂಡದು, ಯಾವ ವಿಷಯಕ್ಕೆ ಮತವೆಂದೂ ಹೇಳಕೂಡದು, ಹೇಳಿದರೆ ಫಲಿತಾಂಶ ಕೆಡುತ್ತದೆ. ‘ದಿನಾ ಏನು ಉಣ್ಣುತ್ತೀರೋ ಅದನ್ನೇ ಉಣ್ಣಿ’ ಎಂಬ ಒಂದು ಮಾತು ನಾಲಗೆಯ ತುದಿಗೆ ಬಂದು ಹಾಗೇ ಹಿಂದೆ ಹೋಯಿತು. ನಿಯಮ ಪಾಲಿಸಿದೆ ಎಂಬ ನೆಮ್ಮದಿಯಲ್ಲೇ ಅವಳು ಮನೆಗೆ ಹೋದಳು.

ಐದು ದಿನವೂ ಕೇಂದ್ರದ ಪರದೆಯ ಮೇಲೆ ಕೊಟ್ರಮ್ಮನ ಹೊಟ್ಟೆ ಹಸಿರು ಗೆರೆಯಾಗಿ ಓಡುತ್ತಿತ್ತು. ಬೆಳಿಗ್ಗೆ ಚಹಾದ ಒಂದು ಸಣ್ಣ ದಿಬ್ಬ. ಮಧ್ಯಾಹ್ನ ಎರಡಕ್ಕೆ ನೀರಲ್ಲಿ ನೆನೆಸಿದ ಮಂಡಕ್ಕಿಯ ಒಂದು ಉಬ್ಬು. ಬೇಗ ಏರುತ್ತದೆ, ಅದಕ್ಕಿಂತ ಬೇಗ ಇಳಿಯುತ್ತದೆ. ಆಮೇಲೆ ಮರುದಿನದವರೆಗೆ ತಳದಲ್ಲಿ ಗರಗಸದ ಹಲ್ಲಿನಂತಹ ಗೆರೆ. ಆ ಹಲ್ಲು ಎಂದರೆ ಖಾಲಿ ಹೊಟ್ಟೆ ತನ್ನನ್ನೇ ಹಿಂಡಿಕೊಳ್ಳುವುದು ಎಂದು ಪಂಕಜಾಕ್ಷಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಬುಧವಾರ ಮಂಡಕ್ಕಿಯ ಉಬ್ಬೂ ಕಾಣಲಿಲ್ಲ. ದಿನವಿಡೀ ಹಲ್ಲುಗಳೇ. ಪಾಪ ಎಂದುಕೊಂಡಳು. ಜೊತೆಗೆ, ನಾಚಿಕೆಯಾದರೂ ಹೇಳಬೇಕು, ಒಳ್ಳೆಯದೇ ಆಯಿತು, ನಾಳೆ ಏಳು ಜನಕ್ಕೂ ಸರಿಯಾಗಿ ತಿಳಿಯುತ್ತದೆ ಎಂದೂ ಅಂದುಕೊಂಡಳು.

ಗುರುವಾರ ಆರು ಜನ ಸಮುದ್ರದಾಚೆಯ ಒಂದು ದ್ವೀಪದ ಸಭಾಂಗಣದಲ್ಲಿ, ಪಕ್ಕದಲ್ಲಿ ವೈದ್ಯರನ್ನು ಇಟ್ಟುಕೊಂಡು, ಪರದೆಯ ಮೇಲೆ ಕಾಣಿಸಿದರು. ಏಳನೆಯವರು ದಾವಣಗೆರೆಯಲ್ಲೇ ಇದ್ದರು. ಪಡಿ ಯಾವ ದೇಶದ್ದೋ ಆ ದೇಶದ ಸದಸ್ಯರು ಮಂಡಳಿಯಲ್ಲಿದ್ದರೆ ಅವರು ಊರಿನ ಕೇಂದ್ರದಲ್ಲೇ ಕೂರಬೇಕೆಂಬುದು ಕ್ರಮ. ಅವರು ಗುರುನಾಥ ಜಹಗೀರದಾರ. ಧಾರವಾಡದವರು, ದೊಡ್ಡ ಬಂಡವಾಳ ನಿಧಿಯೊಂದರ ಒಡೆಯರು. ಏಳು ಕೊರಳಪಟ್ಟಿಗಳನ್ನೂ ಮುಚ್ಚಿದ ಲಕೋಟೆಗಳಲ್ಲಿ ಹಂಚಿದ್ದರು. ಯಾರ ಕೊರಳಲ್ಲಿ ಯಾವ ನಂಬರು ಎಂಬುದು ಯಾರಿಗೂ ಗೊತ್ತಾಗಬಾರದೆಂದು. ತಂತಿ ಸರಿಯಿದೆಯೇ ನೋಡಲು ಪಂಕಜಾಕ್ಷಿಯೂ ನಂಬರಿಲ್ಲದ ಒಂದು ಪರೀಕ್ಷೆಯ ಪಟ್ಟಿ ಹಾಕಿಕೊಂಡಿದ್ದಳು.

ಹನ್ನೊಂದಕ್ಕೆ ತಂತಿ ತೆರೆಯಿತು. ಹಲ್ಲು ಕಚ್ಚಿಕೊಂಡು ಕೂತಿದ್ದ ಅಧ್ಯಕ್ಷರ ಮುಖ ಮೊದಲು ಅಚ್ಚರಿಗೊಂಡಿತು, ಆಮೇಲೆ ಸಡಿಲವಾಯಿತು. ಹಸಿರು ಗೆರೆ ಏರುತ್ತಿತ್ತು. ಏರಿತು, ಇನ್ನೂ ಏರಿತು. ಐದು ದಿನದಲ್ಲಿ ಎಂದೂ ಮುಟ್ಟದ ಎತ್ತರಕ್ಕೆ ಹೋಗಿ, ಹೋಳಿಗೆ ಊಟವಾದವರ ಕಣ್ಣಿನ ಹಾಗೆ ಭಾರವಾಗಿ ನಿಂತಿತು. ಒಬ್ಬ ಮಂತ್ರಿ ಸೊಂಟದ ಬೆಲ್ಟನ್ನು ಒಂದು ತೂತು ಸಡಿಲಿಸಿಕೊಂಡರು. ಬ್ಯಾಂಕಿನವರೊಬ್ಬರು ತೇಗಿ, ಕ್ಷಮಿಸಿ ಎಂದರು. ಎಲ್ಲರೂ ನಕ್ಕರು. ವೈದ್ಯರನ್ನು ಹೊರಗೆ ಕಳಿಸಿದರು.

ಪಂಕಜಾಕ್ಷಿಯ ಹೊಟ್ಟೆಯೂ ತುಂಬಿ ಬಿರಿಯುತ್ತಿತ್ತು. ಆದರೆ ಅದರ ತಳದಲ್ಲಿ ಇನ್ನೊಂದಿತ್ತು. ಬಹಳ ದಿನ ಮಡಚಿಟ್ಟ ಚರ್ಮವನ್ನು ಒಮ್ಮೆಗೇ ಹಿಗ್ಗಿಸಿದ ಹಾಗೆ ಒಂದು ಚುರುಕು ನೋವು. ಬುಧವಾರದ ಹಲ್ಲುಗಳು ಅವಳ ಕಣ್ಣ ಮುಂದೆ ಬಂದವು. ಹೊಟ್ಟೆಯಲ್ಲಿ ಜಾಗ ಮಾಡಲು ಹಿಂದಿನ ದಿನ ಉಪವಾಸವಿದ್ದಾಳೆ!

“ಭಾಳ ಛಲೋ ಊಟ ಆಗೇದ,” ಎಂದರು ಪಕ್ಕದ ಕುರ್ಚಿಯಲ್ಲಿದ್ದ ಜಹಗೀರದಾರರು ಮೆಲ್ಲಗೆ, ಯಾರಿಗೆಂದಿಲ್ಲದೆ.

ನಲವತ್ತು ನಿಮಿಷ ಮುಗಿಯಿತು. ಚರ್ಚೆ ಹನ್ನೊಂದು ನಿಮಿಷ. ‘ಅರ್ಧ ಪಡಿಯಲ್ಲೂ ತೃಪ್ತಿ ಪೂರ್ಣವಾಗಿದೆ’ ಎಂದು ದಾಖಲಾಯಿತು. ಪಡಿ ನಿಲ್ಲಿಸಲು ಏಳಕ್ಕೆ ಏಳು ಮತ. ಇನ್ನು ಉಳಿದದ್ದು ಹೆಬ್ಬೆಟ್ಟು. ಅದನ್ನು ತರಲು, ಪರೀಕ್ಷೆಯ ಪಟ್ಟಿ ಬಿಚ್ಚಿಸಿ, ಪಂಕಜಾಕ್ಷಿಯನ್ನು ಕಳಿಸಿದರು.

ಓಣಿಯಲ್ಲಿ ಹಬ್ಬದ ವಾಸನೆಯಿತ್ತು. ಕೊಟ್ರಮ್ಮ ಹಸಿರು ಇಳಕಲ್ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಮುಂದೆ ತೊಳೆದಿಟ್ಟ ಪಾತ್ರೆಗಳ ರಾಶಿ. ಅವುಗಳಲ್ಲಿ ಅರ್ಧ ಬೇರೆಯವರ ಮನೆಯವು.

“ಉಂಡ್ರಾ? ಹೊಟ್ಟೆ ತುಂಬ್ತಾ ಅವರಿಗೆ?” ಎಂದು ಕೇಳಿದಳು. ಪರೀಕ್ಷೆ ಬರೆದು ಬಂದವರ ಕಾತರ ಆ ದನಿಯಲ್ಲಿತ್ತು.

ಪಂಕಜಾಕ್ಷಿ ಚೀಲ ತೆರೆಯದೆ ಹೊಸಿಲ ಮೇಲೆ ಕೂತಳು.

“ಮನೆಗೊಂದು ಹಿಡಿ ಅಕ್ಕಿ ಕೊಟ್ರು, ಹದಿನೇಳು ಮನೆ,” ಎಂದಳು ಜೈಬೂಬಿ ಹೆಮ್ಮೆಯಿಂದ. “ತುಪ್ಪ ನನ್ದು. ಬಾವಿನೀರು ಸೇದ್ದಂಗೆ ಸಿಗೋದಲ್ಲ ಮೇಡಮ್, ರಂಜಾನಿಂದು ಉಳಿಸಿಟ್ಟಿದ್ದೆ. ಏಳು ಹೋಳಿಗೆ ತಿಂದ್ಲು ನೋಡ್ರಿ, ತಲೆಗೊಂದರಂಗೆ. ಐದಕ್ಕೇ ಸಾಕು ಅಂದ್ಲು. ಇನ್ನಿಬ್ಬರು ಏನ್ ಪಾಪ ಮಾಡಿದ್ರು ಅಂತ ನಾನೇ ಬಾಯಿಗಿಟ್ಟೆ.”

“ಆಮೇಲೆ ಅತ್ತೆ ಹಿತ್ತಲಿಗೆ ಹೋಗಿ ಎಲ್ಲಾ ಕಕ್ಕಿದ್ರು,” ಎಂದಳು ಚೌಡಮ್ಮ ತಗ್ಗಿದ ದನಿಯಲ್ಲಿ. “ಹನ್ನೆರಡಾದ ಮ್ಯಾಲೆ. ಅಲ್ಲೀವರ್ಗೂ ತಡ್ಕಂಡಿದ್ರು.” ಆ ಸಂಕಟವೂ ಏಳು ಜನಕ್ಕೆ ದಾಟಿರಬೇಕು, ಆದರೆ ಅಷ್ಟರಲ್ಲಿ ಮತ ಬಿದ್ದಾಗಿತ್ತು.

ಪಂಕಜಾಕ್ಷಿ ಕಾಗದ ತೆಗೆದಳು. ಇಂಥ ಕಾಗದಗಳನ್ನು ಯಾರೂ ಓದುವುದಿಲ್ಲ. ಗುರುತು ಹಾಕಿದ ಜಾಗ ತೋರಿಸುತ್ತಾರೆ, ಒತ್ತಿಸಿಕೊಂಡು ಹೋಗುತ್ತಾರೆ. ಆದರೆ ಮೇಲ್ಗಡೆಯೇ ಅಚ್ಚಾಗಿತ್ತು, ‘ಓದಿ ಹೇಳತಕ್ಕದ್ದು’ ಎಂದು. ಅವಳ ಜೀವಮಾನದಲ್ಲಿ ನಿಯಮವೊಂದು ಅವಳ ಬೆನ್ನಿಗೆ ನಿಂತದ್ದು ಅದೇ ಮೊದಲು. ಅವಳು ಓದತೊಡಗಿದಳು. ಮೊದಲ ಅಕ್ಷರದಿಂದ ಕೊನೆಯ ಸಣ್ಣ ಅಕ್ಷರದವರೆಗೆ ಒಂದನ್ನೂ ಬಿಡದೆ ಓದಿ, ಮನೆಮಾತಿನಲ್ಲಿ ಬಿಡಿಸಿ ಹೇಳಿದಳು. ಮತ ಯಾವುದಕ್ಕೆ ಎಂಬುದನ್ನು. ಹೊಟ್ಟೆ ತುಂಬಿದೆ ಎಂದು ದಾಖಲಾದದ್ದನ್ನು. ಬರುವ ಒಂದನೇ ತಾರೀಖಿನಿಂದ ಈ ಓಣಿಗೂ, ಇಂಥ ಹದಿನಾಲ್ಕು ಸಾವಿರ ಮನೆಗಳಿಗೂ ಪಡಿ ಇಲ್ಲ ಎಂಬುದನ್ನು. ಹೆಬ್ಬೆಟ್ಟು ಬಿದ್ದ ಮೇಲೆ ಅದು ಜಾರಿ ಎಂಬುದನ್ನು.

ಕೂಸು ಒಂದು ಲೋಟವನ್ನು ನೆಲಕ್ಕೆ ಬಡಿಯುತ್ತಿತ್ತು. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ.

“ಉಂಡು?” ಎಂದಳು ಕೊಟ್ರಮ್ಮ ಕೊನೆಗೆ. “ನಮ್ಮನೇಲಿ ಉಂಡು ಹಿಂಗಂದ್ರಾ?”

“ಅವರಿಗೆ ತಿಳಿದಿಲ್ಲಮ್ಮ. ನೀವು ದಿನಾ ಹೀಗೇ ಉಣ್ತೀರಿ ಅಂದ್ಕೊಂಡಿದ್ದಾರೆ.”

“ಬಂದೋರ ಮುಂದೆ ದಿನಾ ಉಣ್ಣೋದನ್ನ ಯಾರಿಡ್ತಾರೆ? ಅವರ ಊರಾಗೆ ಹಂಗಿಡ್ತಾರಾ?” ಕೊಟ್ರಮ್ಮ ಪಾತ್ರೆಗಳ ಕಡೆ ಕೈ ತೋರಿಸಿದಳು. “ಅಷ್ಟು ಓದಿರೋರು. ಏಳು ಮಂದಿ. ಒಬ್ಬರಿಗೂ ಇದು ಯಾಕ್ ಹಿಂಗೈತೆ ಅನ್ನುಸ್ಲಿಲ್ವಾ?”

“ನಾನು ಹೇಳಬೇಕಿತ್ತು,” ಎಂದಳು ಪಂಕಜಾಕ್ಷಿ. “ದಿನದ ಊಟಾನೇ ಮಾಡಿ ಅಂತ. ತಪ್ಪು ನನ್ದು.”

“ನೀನ್ ಹೇಳಿದ್ರೂ ನಾನ್ ಮಾಡ್ತಿದ್ದೆ ಬಿಡವ್ವ.” ಕೊಟ್ರಮ್ಮ ಕಾಗದವನ್ನು ಬೆರಳಿನಿಂದ ಮುಟ್ಟಿದಳು. “ಕಡೇಗೆ ಸಣ್ಣಕ್ಷರದಾಗೆ ಏನೋ ಓದ್ದೆಲ್ಲ, ಅದ ಇನ್ನೊಂದ್ಸಲ ಓದು.”

ಪಂಕಜಾಕ್ಷಿ ಓದಿದಳು.

“ಅಂದ್ರೆ ನಾನು ಒತ್ತೋ ತನಕ ಅವರು ಇಲ್ಲೇ ಇರ್ತಾರೆ? ನನ್ನೊಳಗೆ?”

“ಇರಬೇಕು. ಯಾರಾದ್ರೂ ಒಬ್ಬರು ಬಿಚ್ಚಿದರೂ ಮತ ರದ್ದು.”

ಕೊಟ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರೆ ಇರ್ಲಿ ಬಿಡು. ಒಂದಿನ ಬಂದೋರು ಅವರು, ಚೆಂದಾಗಿ ಇಟ್ವಿ. ನಾಳೆಯಿಂದ ಮನೆಯೋರು. ಮನೆಯೋರು ಮನೇಲಿ ಇದ್ದದ್ದು ಉಣ್ಲಿ. ನಾನೇನು ಉಪಾಸ ಗಿಪಾಸ ಕೂರಾಕಿಲ್ಲ ಮತ್ತೆ, ಹಂಗಂತ ಬರ್ಕಬ್ಯಾಡ. ದಿನಾ ಏನ್ ಉಣ್ತೀನೋ ಅದನ್ನೇ ಉಣ್ತೀನಿ.”

ಕಾಗದವನ್ನು ಹಾಗೇ ಹಿಂದಕ್ಕೆ ತಂದಾಗ ಕೇಂದ್ರದಲ್ಲಿ ಮೊದಲು ಯಾರೂ ನಂಬಲಿಲ್ಲ. ಜಹಗೀರದಾರರು ಪಂಕಜಾಕ್ಷಿಯನ್ನು ಒಳಗಿನ ಕೋಣೆಗೆ ಕರೆದರು.

“ಏನವಾ ಇದು? ಒಂದು ಹೆಬ್ಬೆಟ್ಟ ತರಲಿಕ್ಕೆ ಆಗಲಿಲ್ಲೇನು?”

ಅವಳು ಐದು ದಿನದ ಗೆರೆಯನ್ನು ಅಚ್ಚು ಹಾಕಿಸಿ ತಂದಿದ್ದಳು. ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. ಒಂದು ತುದಿ ಸುರುಳಿಯಾಗುತ್ತಲೇ ಇತ್ತು. “ಸರ್, ಇದು ಬುಧವಾರ. ಇದು ಮಂಗಳವಾರ. ಇವತ್ತಿನದು ಮಾತ್ರ ಹೀಗಿದೆ. ನಿಮಗಾಗಿ ಓಣಿಯವರೆಲ್ಲ ಹಿಡಿ ಹಿಡಿ ಅಕ್ಕಿ ಸೇರಿಸಿ…”

“ಗೊತ್ತದ,” ಎಂದರು ಜಹಗೀರದಾರರು.

ಅವಳು ತಲೆ ಎತ್ತಿದಳು.

“ನಾನೂ ಈ ಕಡೆಯವನs ಅಲ್ಲೇನು? ಹೋಳಿಗಿ ಊಟದ ಭಾರ ಯಾವುದು, ಬರೇ ಅನ್ನದ ಭಾರ ಯಾವುದು, ನನಗ ತಿಳಿಯೂದಿಲ್ಲೇನು? ನಮ್ಮ ಅಜ್ಜಿನೂ ಹಿಂಗs ಮಾಡ್ತಿದ್ಲು. ತಾ ಉಪಾಸ ಇದ್ದು ಬಂದವರಿಗೆ ನೀಡಾಕಿ. ಹತ್ತು ನಿಮಿಷಕ್ಕs ತಿಳೀತು ನನಗ.”

“ಮತ್ತೆ ಮತ ಹಾಕಿದಿರಲ್ಲ ಸರ್!”

“ನಲವತ್ತು ನಿಮಿಷದ್ದಷ್ಟs ಲೆಕ್ಕಕ್ಕ ಅಂತ ನಿಯಮ ಅದ. ಉಳಿದ ಆರು ಮಂದಿಗೆ ನಾ ಏನಂತ ಹೇಳ್ಲಿ? ನಮ್ಮ ಕಡೆ ಬಡವರು ಸುಳ್ಳು ಸುಳ್ಳs ಹೊಟ್ಟಿ ತುಂಬಿಸ್ಕೋತಾರ ಅಂತ ಹೇಳ್ಲೇನು?”

ಪಂಕಜಾಕ್ಷಿ ಜೀವಮಾನದಲ್ಲಿ ಮೇಲಿನವರಿಗೆ ಎದುರಾಡಿದವಳಲ್ಲ. ಆಡಬೇಕಾದ ಮಾತು ಯಾವಾಗಲೂ ಮನೆಗೆ ಹೋಗಿ ಪಾತ್ರೆ ತೊಳೆಯುವಾಗ ಹೊಳೆಯುತ್ತಿತ್ತು. ಆ ದಿನ ಅಲ್ಲೇ ಹೊಳೆಯಿತು. “ತಿಳಿಯದೆ ಮತ ಹಾಕಿದ ಆರು ಜನಾನೇ ವಾಸಿ ಸರ್,” ಎಂದಳು. “ನೀವು ಅವಳ ಹೋಳಿಗೆಯ ಗುರುತು ಹಿಡಿದು, ಅವಳ ಎಲೆ ಕಿತ್ತುಕೊಂಡಿದ್ದೀರಿ.”

ಅವರು ಗೆರೆಯ ಕಾಗದವನ್ನು ಸುರುಳಿ ಸುತ್ತಿ ಅವಳ ಕಡೆ ತಳ್ಳಿದರು. ಸಂಜೆಯೊಳಗೆ ಹೆಬ್ಬೆಟ್ಟು ಬಾರದಿದ್ದರೆ ಅವಳ ಕೆಲಸ ಹೋದಂತೆ ಎಂದಷ್ಟೇ ಹೇಳಿದರು.

ಸಂಜೆಯಾಯಿತು. ಕೇಂದ್ರದ ಇನ್ನಿಬ್ಬರು ಹೋಗಿ ಗದರಿಸಿ ಬಂದರು. ಬೇರೆಯವರ ಹೆಬ್ಬೆಟ್ಟು ಹೊಂದುವಂತಿರಲಿಲ್ಲ. ಕುತ್ತಿಗೆಯ ಪಟ್ಟಿಯ ಜೊತೆಗೇ ಕೊಟ್ರಮ್ಮನ ಹೆಬ್ಬೆಟ್ಟಿನ ಗುರುತೂ ಯಂತ್ರದಲ್ಲಿ ದಾಖಲಾಗಿತ್ತು. ಕೊಟ್ರಮ್ಮನ ಹೊಟ್ಟೆ ಖಾಲಿಯಾಗಿ, ಹಸಿರು ಗೆರೆ ಮತ್ತೆ ತಳಕ್ಕಿಳಿದು ಹಲ್ಲು ಹಲ್ಲಾಗುತ್ತಿತ್ತು. ದ್ವೀಪದಲ್ಲಿ ಒಪ್ಪಂದದ ವಾರ್ಷಿಕ ಔತಣ. ಪರದೆಯಲ್ಲಿ ಅದೂ ಕಾಣುತ್ತಿತ್ತು. ಅಧ್ಯಕ್ಷರು ಮೀನು ತಿಂದರು, ಮಾಂಸ ತಿಂದರು, ತಟ್ಟೆ ಬದಲಾಯಿಸಿ ಮತ್ತೆ ತಿಂದರು. ತಿಂದದ್ದು ಹೊಟ್ಟೆಗೆ ಹೋಗುತ್ತಿತ್ತು, ಹಸಿವು ಹೋಗುತ್ತಿರಲಿಲ್ಲ. ಬ್ಯಾಂಕಿನವರೊಬ್ಬರು ಚಮಚ ಎಸೆದು ಎದ್ದು ಹೋದರು. ಪಟ್ಟಿ ಬಿಚ್ಚಲು ಕೊರಳಿಗೆ ಕೈ ಹಾಕಿದವರು ಹಾಕಿದ ಹಾಗೇ ಕೈ ಹಿಂದೆಗೆದರು. ಮತ ರದ್ದಾದರೆ ಅವರವರ ದೇಶದಲ್ಲಿ ಅವರವರೇ ಉತ್ತರ ಕೊಡಬೇಕಲ್ಲ! ಮರುದಿನ ಬೆಳಿಗ್ಗೆ ದಾವಣಗೆರೆಯಲ್ಲಿ ಜಹಗೀರದಾರರು ಬೆಣ್ಣೆ ದೋಸೆ ತರಿಸಿದರು. ಆರು ತಿಂದರು. ಏಳನೆಯದನ್ನು ತಟ್ಟೆಯಲ್ಲಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

ಶುಕ್ರವಾರ ಹತ್ತು ಗಂಟೆಗೆ ಮಂಡಳಿಯ ಬುದ್ಧಿವಂತರೊಬ್ಬರಿಗೆ ಉಪಾಯ ಹೊಳೆಯಿತು. ಇಷ್ಟೆಲ್ಲ ಯಾಕೆ, ಆ ಹೆಂಗಸಿಗೆ ಊಟ ಹಾಕಿದರಾಯಿತಲ್ಲ. ಹದಿನಾಲ್ಕು ತಿಂಗಳಲ್ಲಿ ಒಂದು ಚೀಲ ಅಕ್ಕಿ ಹೆಚ್ಚು ಕೊಡಲಾರದವರು ಒಂದೇ ಗಂಟೆಯಲ್ಲಿ ಕಾರು ತುಂಬ ಊಟ ಕಳಿಸಿದರು. ಲಾಡು, ಪಲಾವು, ಹಣ್ಣಿನ ಬುಟ್ಟಿ, ಬಾದಾಮಿ ಹಾಲು! ಕೆಲಸದಿಂದ ತೆಗೆಯುವ ಮಾತು ಅಷ್ಟು ಹೊತ್ತು ಮುಂದಕ್ಕೆ ಹೋಯಿತು, ತಲುಪಿಸಲು ಪಂಕಜಾಕ್ಷಿಯೇ ಹೋಗಬೇಕಾಯಿತು.

ಕೊಟ್ರಮ್ಮ ಬುಟ್ಟಿಗಳನ್ನು ಸುತ್ತಿ ಬಂದು ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. “ಬಂದೋರು ಬುತ್ತಿ ತಂದವ್ರೆ,” ಎಂದಳು. “ಚೌಡಿ, ಮುಚ್ಚಿಡಬ್ಯಾಡ. ಬುತ್ತಿ ಬಂದ್ರೆ ಓಣಿಗೆ ಬೀರ್ಬೇಕು.”

ಬೀಗರು ತಂದ ಬುತ್ತಿಯನ್ನು ಮನೆಮನೆಗೆ ಹಂಚುವ ಹಾಗೆ ಅದೆಲ್ಲ ಓಣಿಯ ತುದಿಯವರೆಗೆ ಹೋಯಿತು. ಯಾರೂ ಬೇಡವೆನ್ನಲಿಲ್ಲ, ಹಸಿದ ಮಕ್ಕಳಿರುವ ಮನೆಗಳು. ಜೈಬೂಬಿ ಬಾದಾಮಿ ಹಾಲು ಕುಡಿದು, “ಅವರ ಹೊಟ್ಟೇಲಿ ನಾನು ಯಾವಾಗ ಹೋಗಿ ಕೂರೋದಂತೆ, ಕೇಳ್ಕಂಬರ್ರಿ ಮೇಡಮ್ಮೋರೆ,” ಎಂದಳು. ಕೊಟ್ರಮ್ಮನ ಪಾಲಿಗೆ ಒಂದು ಲಾಡಿನ ಕಾಲು ಭಾಗ ಉಳಿಯಿತು. ಅದನ್ನು ಅವಳು ತಿಂದಳು. ಅದು ಹಸಿರು ಗೆರೆಯಲ್ಲಿ ಒಂದು ಕಡ್ಲೆಕಾಳಿನಷ್ಟು ಎದ್ದು ಮಲಗಿತು.

ಎರಡು ಗಂಟೆಗೆ ಎಂದಿನಂತೆ ನೆನೆಸಿದ ಮಂಡಕ್ಕಿ ಬಟ್ಟಲಿಗೆ ಬಂತು. ಕೊಟ್ರಮ್ಮ ಒಂದು ತುತ್ತು ಎತ್ತಿದವಳು ಸೊಸೆಯ ಕಡೆ ನೋಡಿದಳು. ರಾತ್ರಿಯಿಂದ ಎದೆಹಾಲು ಸಾಲದೆ ಕೂಸು ಅಳುತ್ತಿತ್ತು. ಬಟ್ಟಲನ್ನು ಮೆಲ್ಲಗೆ ಚೌಡಮ್ಮನ ಕಡೆ ತಳ್ಳಿದಳು. ಚೌಡಮ್ಮ ವಾಪಸು ತಳ್ಳಿದಳು. ಅತ್ತೆ ಮತ್ತೆ ತಳ್ಳಿದಳು. ಈ ಮನೆಯಲ್ಲಿ ದಿನಾ ಹೀಗೇ ನಡೆಯುತ್ತದೆ ಎಂದು ಪಂಕಜಾಕ್ಷಿಗೆ ತಿಳಿಯಿತು. ಐದು ದಿನದ ಗೆರೆಯಲ್ಲಿ ಅವಳು ಮಂಡಕ್ಕಿ ಬೇಗ ಇಳಿಯುತ್ತದೆ ಎಂದುಕೊಂಡದ್ದು ಇದನ್ನು. ಅರ್ಧ ಬಟ್ಟಲೇ ಆಗಿತ್ತು ಅದು.

ಅವಳು ಕೇಂದ್ರಕ್ಕೆ ಮರಳಿ ಪರೀಕ್ಷೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಯಾರೂ ಹಾಕಿಕೋ ಎಂದಿರಲಿಲ್ಲ. ಹಸಿವು ಎಂದರೆ ನೋವು ಎಂದು ಎಣಿಸಿದ್ದಳು. ನೋವು ಕಡಿಮೆಯೇ. ದೊಡ್ಡದೊಂದು ಮನೆಯ ಎಲ್ಲ ಕೋಣೆಗಳಲ್ಲೂ ಒಂದೊಂದಾಗಿ ದೀಪ ಆರಿಸುತ್ತ ಬಂದ ಹಾಗೆ ಇತ್ತು. ಕೈ ತನ್ನದಲ್ಲ, ಕಾಲು ತನ್ನದಲ್ಲ. ಸಿಟ್ಟೊಂದು ಮಾತ್ರ ತನ್ನದು. ಅದು ಕೊಟ್ರಮ್ಮನಿಂದ ಬಂದದ್ದಲ್ಲ. ತಂತಿಯಲ್ಲಿ ಸಿಟ್ಟು ಹರಿಯುವುದಿಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ಫಲಕದ ಮೇಲಿನ ಏಳು ದೀಪಗಳಲ್ಲಿ ಒಂದು ಆರಿತು. ನಾಲ್ಕನೇ ನಂಬರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಯಂತ್ರವೇ ಅಕ್ಷರ ಮೂಡಿಸಿತು: ಅಧಿವೇಶನ ಅಸಿಂಧು, ಮತದಾನ ರದ್ದು. ದ್ವೀಪದ ಆರು ಜನ ಆಗ ತಮ್ಮ ತಮ್ಮ ಕೋಣೆಗಳಲ್ಲಿದ್ದರು; ಖಾಲಿ ಸಭಾಂಗಣ ತೋರಿಸುತ್ತಿದ್ದ ಪರದೆ ಕಪ್ಪಾಯಿತು. ಒಳಕೋಣೆಯ ಬಾಗಿಲು ಬೆಳಿಗ್ಗೆಯಿಂದ ಮುಚ್ಚಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಜಹಗೀರದಾರರು ಹೊರಬಂದರು. ಕೊರಳಪಟ್ಟಿ ಕೈಯಲ್ಲಿತ್ತು. ಮತ ರದ್ದಾದ ಮೇಲೆ ಎಲ್ಲರೂ ಬಿಚ್ಚಬಹುದಿತ್ತು, ಬಿಚ್ಚಿದ್ದರು. ಅದನ್ನು ಪಂಕಜಾಕ್ಷಿಯ ಮೇಜಿನ ಮೇಲಿಟ್ಟು, “ಆಕಿಗೆ ಡಾಕ್ಟರ್ ತೋರಸ್ರಿ,” ಎಂದರು. ಹಾಗೇ ಹೊರಟುಹೋದರು. ಪಟ್ಟಿಯ ಮೇಲಿನ ನಂಬರಿನ ಚೀಟಿ ಒಳಕೋಣೆಯಲ್ಲೇ ಕಳಚಿಹೋಗಿತ್ತು.

ಪಂಕಜಾಕ್ಷಿ ಪಟ್ಟಿ ಕೀಳಲು ಓಣಿಗೆ ಹೋದಾಗ ಕೊಟ್ರಮ್ಮ ಮಲಗಿದ್ದಳು. ವಿಷಯ ಕೇಳಿದಳು. ಪಡಿ ಉಳಿಯಿತು, ಅರ್ಧವಾದರೂ ಉಳಿಯಿತು ಎಂದಾಗ ತಲೆಯಾಡಿಸಿದಳು.

“ಅವರು ಹೋದ್ರಾ?”

“ಹೋದ್ರಮ್ಮ.”

“ಹೇಳ್ದೇನೆ ಹೋದ್ರಾ?” ಕೊಟ್ರಮ್ಮ ಮೊಣಕೈ ಊರಿ ಅರ್ಧ ಎದ್ದಳು. “ಹೋಗ್ತೀವಿ ಅಂತ ಒಂದು ಮಾತು ಹೇಳ್ಬಾರ್ದಾ ಪಂಕಜವ್ವ. ಎರಡು ದಿನ ಉಂಡ ಮನೆ.”

ಪಡಿ ಮುಂದಿನ ಅಧಿವೇಶನದವರೆಗೆ, ಅಂದರೆ ಆರು ತಿಂಗಳು ನಡೆಯುತ್ತದೆ. ಪಂಕಜಾಕ್ಷಿಯ ಕೆಲಸ ಹೋಯಿತು. ಹೆಬ್ಬೆಟ್ಟಿನ ಬಾಲವನ್ನು ನಿಯಮದಿಂದ ತೆಗೆಯಬೇಕೆಂದು ಮಂಡಳಿಯಲ್ಲಿ ಸೂಚನೆ ಬಂದಿದೆಯಂತೆ. ವಿದ್ಯುತ್ ಭಟ್ಟಿ ಇನ್ನೂ ಬಂದಿಲ್ಲ.

ನಾಲ್ಕನೇ ನಂಬರು ಯಾರ ಕೊರಳಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ. ಅವರು ಹಸಿವು ತಾಳದೆ ಬಿಚ್ಚಿದರೋ, ಅರ್ಧ ಬಟ್ಟಲು ಆಚೆ ಹೋದದ್ದು ಹೊಟ್ಟೆಗೆ ತಿಳಿದು ಬಿಚ್ಚಿದರೋ, ಅಥವಾ ಕೊಂಡಿಯೇ ಸಡಿಲವಿತ್ತೋ, ಅದೂ ಗೊತ್ತಿಲ್ಲ. ಪಂಕಜಾಕ್ಷಿಯನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ.